ತಾನು ಕಟ್ಟದ ಗುಡಿಗೆ ಕಲ್ಲು ಕೂಡಿಟ್ಟ ದೊರೆ

ಯೆರೂಸಲೇಮಿನ ಮೊದಲ ದೇವಾಲಯವನ್ನು ಜಗತ್ತು ಇಂದಿಗೂ ಸೊಲೊಮೋನನ ದೇವಾಲಯ ಎಂದೇ ಕರೆಯುತ್ತದೆ. ಆದರೆ ಅದರ ಕನಸು ಕಂಡವನು, ಜಾಗ ಕೊಂಡವನು, ಕಲ್ಲು, ಕಬ್ಬಿಣ, ಮರ, ಚಿನ್ನ ಕೂಡಿಟ್ಟವನು ಅವನ ತಂದೆ ದಾವೀದ. ಆ ಗುಡಿಗೆ ಅಡಿಪಾಯ ಹಾಕಿದ್ದನ್ನೂ ನೋಡದೆ ದಾವೀದ ಕಣ್ಣು ಮುಚ್ಚಿದ.

ನಮ್ಮಲ್ಲಿ ಬಹಳ ಜನಕ್ಕೆ ದಾವೀದ ಎಂದರೆ ಕವಣೆಕಲ್ಲು ಬೀಸಿ ದೈತ್ಯ ಗೊಲ್ಯಾತನನ್ನು ಉರುಳಿಸಿದ ಹುಡುಗ. ಅದು ಒಂದು ದಿನದ ಗೆಲುವು. ಅವನ ಬದುಕಿನ ಹೆಚ್ಚಿನ ಪಾಲು ಕಾಯುವುದರಲ್ಲೇ ಕಳೆಯಿತು. ಪದವಿ ಮುಗಿಸಿ, ಅರ್ಜಿ ಹಾಕಿ, ಫಲಿತಾಂಶದ ದಾರಿ ನೋಡುತ್ತಾ ಕೂತಿರುವ ನಮಗೆ ಆ ಕಾಯುವಿಕೆಯ ಕಥೆಯೇ ಹೆಚ್ಚು ಹತ್ತಿರದ್ದು.

ಆರಿಸಿದ ಮೇಲೂ ಕುರಿ ಕಾಯುವ ಕೆಲಸ

ದಾವೀದನ ಕಥೆ ನಮಗೆ ಸಿಗುವುದು ಬೈಬಲಿನ ಸಮುವೇಲ, ಅರಸುಗಳು ಮತ್ತು ಪೂರ್ವಕಾಲವೃತ್ತಾಂತ ಎಂಬ ಗ್ರಂಥಗಳಲ್ಲಿ. ಅವನ ಕಾಲ ಕ್ರಿ.ಪೂ. 1000ರ ಆಸುಪಾಸು. 1993ರಲ್ಲಿ ಉತ್ತರ ಇಸ್ರೇಲಿನ ತೆಲ್ ದಾನ್‌ನಲ್ಲಿ ಸಿಕ್ಕ ಕ್ರಿ.ಪೂ. 9ನೇ ಶತಮಾನದ ಶಾಸನವೊಂದು ದಾವೀದನ ಮನೆತನದ ಹೆಸರು ಹೇಳುತ್ತದೆ.

ಬೇತ್ಲೆಹೇಮಿನ ಇಷಯನ ಎಂಟು ಗಂಡುಮಕ್ಕಳಲ್ಲಿ ದಾವೀದ ಕೊನೆಯವನು. ಮುಂದಿನ ಅರಸನನ್ನು ಆರಿಸಲು ಪ್ರವಾದಿ ಸಮುವೇಲ ಬಂದಾಗ ಅಪ್ಪ ಏಳು ಮಕ್ಕಳನ್ನು ಒಬ್ಬೊಬ್ಬರಾಗಿ ಮುಂದೆ ತಂದ. ಕುರಿ ಕಾಯಲು ಹೋಗಿದ್ದ ಕಿರಿಯನನ್ನು ಕರೆಸಬೇಕೆಂದು ಅವನಿಗೆ ಹೊಳೆಯಲೇ ಇಲ್ಲ. ಕೊನೆಗೆ ಅಭಿಷೇಕದ ಎಣ್ಣೆ ಬಿದ್ದದ್ದು ಆ ಹುಡುಗನ ತಲೆಯ ಮೇಲೆ. ಅಷ್ಟಾದರೂ ಅವನು ಮತ್ತೆ ಕುರಿಗಳ ಹಿಂದೆಯೇ ಹೋಗಬೇಕಾಯಿತು. ಏಕೆಂದರೆ ಸಿಂಹಾಸನದಲ್ಲಿ ಸೌಲ ಇದ್ದ.

ಗೊಲ್ಯಾತನ ಮೇಲಿನ ಗೆಲುವು ಹೆಸರು ತಂದಿತು, ಜೊತೆಗೆ ಸೌಲನ ಅಸೂಯೆಯನ್ನೂ ತಂದಿತು. ದಾವೀದ ಊರು ಬಿಟ್ಟು ಓಡಿದ. ನೋಬ್ ಎಂಬಲ್ಲಿ ಹಸಿವು ತಾಳಲಾರದೆ ಯಾಜಕನನ್ನು ಬೇಡಿ, ದೇವರ ಮುಂದೆ ಇಟ್ಟಿದ್ದ ರೊಟ್ಟಿ ಪಡೆದ. ಅದುಲ್ಲಾಮಿನ ಗವಿಯಲ್ಲಿ ಅಡಗಿದಾಗ ಸುಮಾರು 400 ಜನ ಅವನ ಸುತ್ತ ಸೇರಿದರು. ಸಾಲಗಾರರು, ಕಷ್ಟದಲ್ಲಿದ್ದವರು, ಮನಸ್ಸು ಕಹಿಯಾದವರು. ಶತ್ರುಗಳಾದ ಫಿಲಿಷ್ಟಿಯರ ನಾಡಿನಲ್ಲೂ ಅವನು 1 ವರ್ಷ 4 ತಿಂಗಳು ಕಳೆಯಬೇಕಾಯಿತು.

ಈ ಅವಧಿಯಲ್ಲಿ ಎರಡು ಸಲ ಸೌಲ ಅವನ ಕೈಗೆ ಸಿಕ್ಕಿದ್ದ. ಏಂಗೆದಿಯ ಗವಿಯಲ್ಲಿ ದಾವೀದ ಅರಸನ ನಿಲುವಂಗಿಯ ಅಂಚನ್ನು ಮಾತ್ರ ಕತ್ತರಿಸಿಕೊಂಡು ಬಿಟ್ಟುಬಿಟ್ಟ. ಇನ್ನೊಮ್ಮೆ, ಮಲಗಿದ್ದವನ ತಲೆಯ ಬಳಿಯಿಂದ ಈಟಿ ಮತ್ತು ನೀರಿನ ತಂಬಿಗೆ ತೆಗೆದುಕೊಂಡು ಹೊರಟ. ಸಂಗಡಿಗರು ಕೊಂದುಬಿಡುವ ಮಾತಾಡಿದರು. ದೇವರು ಅಭಿಷೇಕಿಸಿದವನ ಮೇಲೆ ಕೈ ಎತ್ತಲಾರೆ ಎಂಬುದು ಅವನ ನಿಲುವು. ತನಗೆ ಸಿಗಲಿದೆ ಎಂದು ಗೊತ್ತಿದ್ದ ಪಟ್ಟವನ್ನೂ ಅವನು ಅಡ್ಡದಾರಿಯಲ್ಲಿ ಪಡೆಯಲಿಲ್ಲ.

ಸೌಲ ಯುದ್ಧದಲ್ಲಿ ಸತ್ತ ನಂತರ, 30ನೇ ವಯಸ್ಸಿನಲ್ಲಿ, ದಾವೀದ ಹೆಬ್ರೋನಿನಲ್ಲಿ ಅರಸನಾದ. ಅದೂ ಯೆಹೂದ ಕುಲಕ್ಕೆ ಮಾತ್ರ. ಎಲ್ಲ ಕುಲಗಳೂ ಅವನನ್ನು ಒಪ್ಪಿ, ಯೆರೂಸಲೇಮ್ ರಾಜಧಾನಿಯಾಗಲು ಮತ್ತೆ ಏಳೂವರೆ ವರ್ಷ ಹಿಡಿಯಿತು.

ಅವಸರದ ಬೆಲೆ

ಹೊಸ ರಾಜಧಾನಿಗೆ ಒಡಂಬಡಿಕೆಯ ಮಂಜೂಷವನ್ನು ತರಬೇಕೆಂಬುದು ದಾವೀದನ ಆಸೆ. ಧರ್ಮಾಜ್ಞೆಗಳನ್ನು ಕೆತ್ತಿದ ಕಲ್ಲಿನ ಹಲಗೆಗಳಿದ್ದ ಆ ಪೆಟ್ಟಿಗೆ ಇಸ್ರಾಯೇಲ್ಯರಿಗೆ ಎಲ್ಲಕ್ಕಿಂತ ಪವಿತ್ರ. ಗಳ ಸಿಕ್ಕಿಸಿ, ಲೇವಿಯರು ಹೆಗಲ ಮೇಲೆ ಹೊತ್ತು ತರಬೇಕೆಂಬ ವಿಧಿ ಇತ್ತು. ದಾವೀದನ ಜನ ಅದನ್ನು ಹೊಸ ಗಾಡಿಯೊಂದರ ಮೇಲೆ ಇಟ್ಟು ಎತ್ತು ಹೂಡಿದರು. ದಾರಿಯಲ್ಲಿ ಎತ್ತು ಎಡವಿತು. ಮಂಜೂಷ ಬೀಳದಂತೆ ಕೈ ಹಿಡಿದ ಉಜ್ಜ ಎಂಬವನು ಅಲ್ಲೇ ಸತ್ತ. ಹಾಡು, ವಾದ್ಯ ಎಲ್ಲ ನಿಂತವು.

ಹೆದರಿದ ದಾವೀದ ಮಂಜೂಷವನ್ನು ಓಬೇದೆದೋಮ್ ಎಂಬವನ ಮನೆಯಲ್ಲಿ ಬಿಟ್ಟ. ಅದು ಅಲ್ಲಿ ಮೂರು ತಿಂಗಳು ಉಳಿಯಿತು. ಎರಡನೇ ಸಲ ಲೇವಿಯರನ್ನೇ ಕರೆಸಿ, ವಿಧಿಯಂತೆ ಹೆಗಲ ಮೇಲೆ ಹೊರಿಸಿದ. ಮೆರವಣಿಗೆಯ ಮುಂದೆ ತಾನೇ ಕುಣಿದ. ಮಂಜೂಷಕ್ಕೆ ಒಂದು ಗುಡಾರ ಹಾಕಿಸಿದ.

ಬಂದ ಉತ್ತರ: ನೀನಲ್ಲ

ಅರಮನೆ ಎದ್ದಿತು. ತೂರಿನ ಅರಸ ಹೀರಾಮ ದೇವದಾರು ಮರವನ್ನೂ ಬಡಗಿ, ಕಲ್ಲುಕುಟಿಗರನ್ನೂ ಕಳುಹಿಸಿದ್ದ. ತಾನು ದೇವದಾರಿನ ಮನೆಯಲ್ಲಿರುವಾಗ ಮಂಜೂಷ ಗುಡಾರದಲ್ಲಿರುವುದು ದಾವೀದನಿಗೆ ಸರಿಕಾಣಲಿಲ್ಲ. ದೇವಾಲಯ ಕಟ್ಟುವ ಮನಸ್ಸನ್ನು ಪ್ರವಾದಿ ನಾತಾನನಿಗೆ ತಿಳಿಸಿದ. ನಾತಾನ ಮೊದಲು ಒಪ್ಪಿದ. ಅದೇ ರಾತ್ರಿ ದೇವರ ಮಾತು ಬೇರೆಯಾಗಿ ಬಂತು. ಗುಡಿ ಕಟ್ಟುವವನು ದಾವೀದನಲ್ಲ, ಅವನ ಮಗ. ಯುದ್ಧಗಳಲ್ಲಿ ಬಹಳ ರಕ್ತ ಸುರಿಸಿದ ಕೈ ಅದು ಎಂಬ ಕಾರಣವನ್ನು ಪೂರ್ವಕಾಲವೃತ್ತಾಂತ ಕೊಡುತ್ತದೆ.

ಸಂದರ್ಶನ ಚೆನ್ನಾಗಿ ಆಗಿ, ಆಯ್ಕೆ ಪಟ್ಟಿಯಲ್ಲಿ ಹೆಸರಿಲ್ಲದ ದಿನವನ್ನು ಕಂಡವರಿಗೆ ಆ ರಾತ್ರಿ ಅರ್ಥವಾಗುತ್ತದೆ. ದಾವೀದ ಗುಡಾರಕ್ಕೆ ಹೋಗಿ ದೇವರ ಮುಂದೆ ಕುಳಿತು ಕೃತಜ್ಞತೆಯ ಪ್ರಾರ್ಥನೆ ಮಾಡಿದ. ಆಮೇಲೆ ತನಗೆ ಬೇಡವೆಂದ ಕೆಲಸಕ್ಕೇ ಬೇಕಾದುದನ್ನು ಕೂಡಿಡತೊಡಗಿದ.

ಅವನು ತಪ್ಪು ಮಾಡದವನೇನಲ್ಲ. ಊರೀಯನ ಹೆಂಡತಿ ಬತ್ಷೆಬೆಯನ್ನು ಬಯಸಿ, ಊರೀಯನನ್ನು ರಣರಂಗದಲ್ಲಿ ಸಾಯಲು ಬಿಟ್ಟದ್ದು ಅವನ ಬದುಕಿನ ಅಳಿಸಲಾಗದ ಕಲೆ. ಹಟ ಹಿಡಿದು ಜನಗಣತಿ ಮಾಡಿಸಿದ್ದು ಇನ್ನೊಂದು. ಅದರ ಬೆನ್ನಿಗೆ ಬಂದ ಮಾರಿರೋಗದಲ್ಲಿ 70,000 ಜನ ಸತ್ತರೆಂದು ಗ್ರಂಥ ಹೇಳುತ್ತದೆ. ರೋಗ ನಿಲ್ಲಲು ಅರೌನ ಎಂಬ ಯೆಬೂಸಿಯನ ಕಣದಲ್ಲಿ ಯಜ್ಞವೇದಿ ಕಟ್ಟಬೇಕಿತ್ತು. ಅರೌನ ಕಣ, ಎತ್ತು, ಸೌದೆಗಾಗಿ ನೊಗವನ್ನೂ ಪುಕ್ಕಟೆ ಕೊಡಲು ಮುಂದಾದ. ತನಗೆ ಏನೂ ಖರ್ಚಾಗದ ಕಾಣಿಕೆಯನ್ನು ದೇವರಿಗೆ ಅರ್ಪಿಸಲು ದಾವೀದ ಒಪ್ಪಲಿಲ್ಲ. ಕಣಕ್ಕೂ ಎತ್ತಿಗೂ 50 ಶೇಕೆಲ್ ಬೆಳ್ಳಿ ಕೊಟ್ಟನೆಂದು ಸಮುವೇಲ ಗ್ರಂಥವೂ, ಆ ಜಾಗಕ್ಕೆ 600 ಶೇಕೆಲ್ ಚಿನ್ನ ತೆತ್ತನೆಂದು ಪೂರ್ವಕಾಲವೃತ್ತಾಂತವೂ ಹೇಳುತ್ತವೆ. ಗೋಧಿ ಒಕ್ಕುತ್ತಿದ್ದ ಆ ಕಣವೇ ಮುಂದೆ ದೇವಾಲಯದ ನೆಲವಾಯಿತು.

ಮಗನಿಗೆ ಬಿಟ್ಟುಹೋದ ಕೆಲಸ

ಮುಪ್ಪಿನಲ್ಲಿ ದಾವೀದ ಕಲ್ಲುಕುಟಿಗರನ್ನು ನೇಮಿಸಿ ಕಲ್ಲು ಕೆತ್ತಿಸಿದ. ಬಾಗಿಲುಗಳ ಮೊಳೆಗೆ, ಕೊಂಡಿಗೆ ಬೇಕಾದ ಕಬ್ಬಿಣ, ತೂಕಕ್ಕೆ ಸಿಗದಷ್ಟು ತಾಮ್ರ, ಸೀದೋನ್ ಮತ್ತು ತೂರಿನಿಂದ ದೇವದಾರು ತರಿಸಿದ. ತನ್ನ ಸ್ವಂತ ಭಂಡಾರದಿಂದ 3,000 ತಲಾಂತು ಚಿನ್ನ, 7,000 ತಲಾಂತು ಬೆಳ್ಳಿ ಕೊಟ್ಟನೆಂಬ ಲೆಕ್ಕವಿದೆ. ಗುಡಿ ಇನ್ನೂ ಇಲ್ಲದಿರುವಾಗಲೇ ಅದರ ಸೇವೆಗೆ 38,000 ಲೇವಿಯರನ್ನು ವಿಂಗಡಿಸಿದ. ಬಾಗಿಲು ಕಾಯಲು 4,000, ವಾದ್ಯ ನುಡಿಸಲು 4,000 ಜನ. ಮಂಟಪ, ಉಗ್ರಾಣ, ಒಳಕೋಣೆಗಳ ನಕ್ಷೆಯ ಜೊತೆಗೆ ಯಾವ ದೀಪಸ್ತಂಭಕ್ಕೆ ಎಷ್ಟು ತೂಕದ ಚಿನ್ನ ಎಂಬುದನ್ನೂ ಬರೆದು ಸೊಲೊಮೋನನ ಕೈಗಿತ್ತ. ಒಟ್ಟು 40 ವರ್ಷ ಆಳಿ ತೀರಿಕೊಂಡ.

ಸೊಲೊಮೋನನ ಆಳ್ವಿಕೆಯ 4ನೇ ವರ್ಷದಲ್ಲಿ ಅಡಿಪಾಯ ಬಿತ್ತು. 60 ಮೊಳ ಉದ್ದ, 20 ಮೊಳ ಅಗಲ, 30 ಮೊಳ ಎತ್ತರ. ಇಂದಿನ ಲೆಕ್ಕದಲ್ಲಿ ಉದ್ದ ಸುಮಾರು 27 ಮೀಟರ್, ಅಗಲ 9 ಮೀಟರ್. ಅಷ್ಟಕ್ಕೇ 7 ವರ್ಷ ಹಿಡಿಯಿತು. ಕಲ್ಲನ್ನು ಗಣಿಯಲ್ಲೇ ಪೂರ್ತಿ ಸಿದ್ಧಪಡಿಸಿ ತರುತ್ತಿದ್ದುದರಿಂದ ಕಟ್ಟುವ ಜಾಗದಲ್ಲಿ ಸುತ್ತಿಗೆ, ಉಳಿಯ ಸದ್ದು ಕೇಳಲಿಲ್ಲವಂತೆ. ಸದ್ದಿನ ಕೆಲಸವೆಲ್ಲ ಬೇರೆ ಕಡೆ, ಮುಂಚೆಯೇ ಮುಗಿದಿತ್ತು. ದಾವೀದನ ಬದುಕೂ ಹಾಗೆಯೇ ಅಲ್ಲವೇ?

ಕ್ರಿ.ಪೂ. 586ರಲ್ಲಿ ಬಾಬಿಲೋನಿನವರು ಆ ಗುಡಿಯನ್ನು ಸುಟ್ಟರು. ಸೆರೆಯಿಂದ ಮರಳಿದವರು ಅದೇ ನೆಲದಲ್ಲಿ ಎರಡನೆಯದನ್ನು ಕಟ್ಟಿದರು. ದಾವೀದ ಹಣ ಕೊಟ್ಟು ಕೊಂಡ ಕಣ ಅವರಿಗೂ ಒದಗಿತು.

ಮನೆಯ ಖರ್ಚು ತಲೆಯ ಮೇಲಿರುವಾಗ ತಾಳ್ಮೆಯ ಮಾತು ಕೇಳುವುದೇ ಕಷ್ಟ, ನಿಜ. ಆದರೆ ನೋಬಿನಲ್ಲಿ ರೊಟ್ಟಿ ಬೇಡಿದವನಿಗೂ ಆ ಕಷ್ಟ ಗೊತ್ತಿತ್ತು. ಅವನ ತಾಳ್ಮೆ ಕೈಕಟ್ಟಿ ಕೂರುವ ತಾಳ್ಮೆಯಾಗಿರಲಿಲ್ಲ. ಹೆಸರು ಬೇರೆಯವರದಾದರೂ ಚಿಂತೆಯಿಲ್ಲ, ಕಲ್ಲು ಚೌಕವಾಗಿರಬೇಕು, ಮೊಳೆಗೆ ಕಬ್ಬಿಣ ಸಾಲಬೇಕು ಎಂಬ ಕಾಳಜಿ ಅದು. ಇವತ್ತು ಪಟ್ಟಿಯಲ್ಲಿ ನಮ್ಮ ಹೆಸರಿಲ್ಲದಿರಬಹುದು. ಕಲಿತ ಪಾಠ, ತಮ್ಮನಿಗೋ ತಂಗಿಗೋ ಬಿಡಿಸಿ ಹೇಳಿದ ಲೆಕ್ಕ, ಅಚ್ಚುಕಟ್ಟಾಗಿ ಬರೆದಿಟ್ಟ ಟಿಪ್ಪಣಿ ಯಾರದಾದರೂ ಗುಡಿಗೆ ಕಲ್ಲಾಗುತ್ತದೆ. ಅದು ನಮ್ಮದೇ ಗುಡಿಯೂ ಆಗಬಹುದು.