ಮಾಂಟೆಸ್ಸೊರಿ ಇಟಲಿಯ ಮೊದಲ ಮಹಿಳಾ ಡಾಕ್ಟರೇ? ಮಕ್ಕಳ ಕೈಗೆ ಅಳತೆ ಕೊಟ್ಟವರ ನಿಜ ಕಥೆ

ನಮ್ಮ ಊರುಗಳಲ್ಲಿ ಬಡಾವಣೆಗೊಂದು ಮಾಂಟೆಸ್ಸೊರಿ ಬೋರ್ಡ್ ಕಾಣುತ್ತದೆ. ಅದು ಎಲ್‌ಕೆಜಿಗೆ ಇನ್ನೊಂದು ಹೆಸರು ಎಂದುಕೊಂಡವರೇ ಹೆಚ್ಚು. ಆದರೆ ಅದು ಒಬ್ಬ ಹೆಣ್ಣುಮಗಳ ಮನೆತನದ ಹೆಸರು. ಅವರ ಬಗ್ಗೆ ಮೊಬೈಲಿನಲ್ಲಿ ಓಡಾಡುವ ಮಾತುಗಳಲ್ಲಿ ಕೆಲವು ನಿಜ, ಕೆಲವು ಅರ್ಧ ನಿಜ. ಮುಂದಿನ ಗುಂಪಿಗೆ ಕಳಿಸುವ ಮೊದಲು ಒಮ್ಮೆ ಓದಿಬಿಡಿ.

ಮೊದಲ ಮಹಿಳಾ ಡಾಕ್ಟರೇ?

ಅಲ್ಲ. ಮರಿಯಾ ಮಾಂಟೆಸ್ಸೊರಿ ಹುಟ್ಟಿದ್ದು 1870ರ ಆಗಸ್ಟ್ 31ರಂದು, ಇಟಲಿಯ ಕಿಯರವಲ್ಲೆ ಎಂಬ ಸಣ್ಣ ಊರಿನಲ್ಲಿ. 1896ರಲ್ಲಿ ರೋಮ್ ವಿಶ್ವವಿದ್ಯಾಲಯದಿಂದ ವೈದ್ಯಕೀಯ ಪದವಿ ಪಡೆದರು. ಆದರೆ ಅದಕ್ಕೂ ಸುಮಾರು ಎರಡು ದಶಕ ಮೊದಲೇ ಇಟಲಿಯಲ್ಲಿ ಮಹಿಳೆಯರು ವೈದ್ಯಕೀಯ ಪದವಿ ಪಡೆದಿದ್ದರು. ಹಾಗಾಗಿ ಮರಿಯಾ ಅಲ್ಲಿನ ಮೊದಮೊದಲ ವೈದ್ಯೆಯರಲ್ಲಿ ಒಬ್ಬರು ಎನ್ನುವುದು ಸರಿ, ಮೊಟ್ಟಮೊದಲಿಗರು ಎನ್ನುವುದು ತಪ್ಪು. ಅವರ ದೊಡ್ಡತನಕ್ಕೆ ಈ ತಪ್ಪು ಮಾಹಿತಿಯ ಆಸರೆ ಬೇಕಾಗಿಯೂ ಇಲ್ಲ.

ಅಳತೆ ಶುರುವಾದದ್ದು ಎಲ್ಲಿಂದ?

ಓದು ಮುಗಿದ ಮೇಲೆ ಮರಿಯಾ ರೋಮ್‌ನ ಮಾನಸಿಕ ಚಿಕಿತ್ಸಾಲಯದಲ್ಲಿ ಕೆಲಸ ಮಾಡಿದರು. ಬುದ್ಧಿ ಬೆಳವಣಿಗೆ ನಿಧಾನವಾಗಿದ್ದ ಮಕ್ಕಳನ್ನು ಆಗ ದೊಡ್ಡವರ ಜೊತೆಗೇ ಕೂಡಿಹಾಕುತ್ತಿದ್ದರು. ಆಡಲು ಏನೂ ಇರುತ್ತಿರಲಿಲ್ಲ. ಈ ಮಕ್ಕಳಿಗೆ ಮುಟ್ಟಲು, ಹಿಡಿಯಲು, ಹೋಲಿಸಿ ನೋಡಲು ವಸ್ತುಗಳು ಬೇಕು ಎಂದು ಮರಿಯಾಗೆ ಅನ್ನಿಸಿತು. ಫ್ರಾನ್ಸಿನ ವೈದ್ಯರಾದ ಇಟಾರ್ ಮತ್ತು ಸೆಗ್ಯಾಂ ಇಂಥ ಮಕ್ಕಳಿಗಾಗಿ ಮಾಡಿದ್ದ ಕೆಲಸವನ್ನು ಅವರು ಓದಿ ಅರಗಿಸಿಕೊಂಡರು.

ಇಲ್ಲಿ ಮುಚ್ಚಿಡಬಾರದ ಒಂದು ವಿಷಯವಿದೆ. ತಲೆಬುರುಡೆಯ ಅಳತೆ ತೆಗೆದರೆ ಬುದ್ಧಿ ತಿಳಿಯುತ್ತದೆ ಎಂದು ಆ ಕಾಲದ ಹಲವು ವಿದ್ವಾಂಸರು ನಂಬಿದ್ದರು. ರೋಮ್‌ನಲ್ಲಿ ಮಾನವಶಾಸ್ತ್ರ ಕಲಿಸುತ್ತಿದ್ದ ಮರಿಯಾ ಮೇಲೂ ಆ ಪ್ರಭಾವ ಇತ್ತು. ಆ ನಂಬಿಕೆ ಸುಳ್ಳು. ತಲೆಯ ಸುತ್ತಳತೆ ನೋಡಿ ಮಗು ಜಾಣನೋ ದಡ್ಡನೋ ಎಂದು ಹೇಳಲು ಬರುವುದಿಲ್ಲ. ಡಾಕ್ಟರು ಈಗಲೂ ಕೂಸಿನ ತಲೆ ಅಳೆಯುತ್ತಾರೆ ನಿಜ. ಅದು ಬೆಳವಣಿಗೆ ಸರಿಯಾಗಿದೆಯೇ ಎಂದು ನೋಡಲು ಮಾತ್ರ.

ಚಪ್ಪಲಿ ಬಿಚ್ಚಿ ಓಡಿಬಂದ ಮಕ್ಕಳು

1907ರ ಜನವರಿ 6ರಂದು ರೋಮ್‌ನ ಬಡವರ ಬಡಾವಣೆ ಸ್ಯಾನ್ ಲೊರೆಂಜೊದಲ್ಲಿ ಮೊದಲ ಮಕ್ಕಳ ಮನೆ ಶುರುವಾಯಿತು. ತಂದೆ ತಾಯಿ ಕೂಲಿಗೆ ಹೋದಾಗ ಮಕ್ಕಳು ಕಟ್ಟಡದ ಗೋಡೆಗಳನ್ನು ಹಾಳುಮಾಡುತ್ತವೆ ಎಂಬುದು ಮಾಲೀಕರ ತಲೆನೋವಾಗಿತ್ತು. ಅವರನ್ನು ಒಂದು ಕೋಣೆಯಲ್ಲಿ ನೋಡಿಕೊಳ್ಳಬೇಕಿತ್ತು, ಅಷ್ಟೇ. ಆ ಕೆಲಸ ಮರಿಯಾಗೆ ಬಂತು. ಮಕ್ಕಳ ಸಂಖ್ಯೆ ಐವತ್ತರ ಆಸುಪಾಸು. ಹೆಚ್ಚಿನವರದು ಮೂರರಿಂದ ಆರು ವರ್ಷದ ವಯಸ್ಸು.

ಅಲ್ಲಿ ಪ್ರತಿ ಮಗುವಿಗೂ ಒಂದು ದಾಖಲೆ ಚೀಟಿ ಇರುತ್ತಿತ್ತು. ತೂಕ ವಾರಕ್ಕೊಮ್ಮೆ, ಎತ್ತರ ತಿಂಗಳಿಗೊಮ್ಮೆ. ಎತ್ತರ ನೋಡೋಣ ಎಂದರೆ ಸಾಕು, ಮಕ್ಕಳು ನಗುತ್ತಾ ಕಾಲಿನದ್ದನ್ನು ಬಿಚ್ಚಿ ಓಡಿಬಂದು ಸರಿಯಾಗಿ ನಿಲ್ಲುತ್ತಿದ್ದರು ಎಂದು ಮರಿಯಾ ತಮ್ಮ ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ. ಆ ಪುಟ್ಟ ಮಕ್ಕಳು ಮೂರು ಪಾಠ ಕಲಿತಂತಾಯಿತು: ಅಳೆಯುವಾಗ ಪ್ರತಿ ಸಲವೂ ಒಂದೇ ರೀತಿ ನಿಲ್ಲಬೇಕು, ಬಂದ ಅಳತೆಯನ್ನು ಬರೆದಿಡಬೇಕು, ಹಿಂದಿನದರ ಜೊತೆ ಹೋಲಿಸಬೇಕು. ಇಂದು ನಾವು ದತ್ತಾಂಶ ಎಂದು ಕರೆಯುವುದರ ಮೊದಲ ಮೆಟ್ಟಿಲೇ ಇದು.

ಗುಲಾಬಿ ಗೋಪುರದ ಲೆಕ್ಕ

ಮಾಂಟೆಸ್ಸೊರಿ ತರಗತಿಯಲ್ಲಿ ಗುಲಾಬಿ ಬಣ್ಣದ ಹತ್ತು ಮರದ ಘನಗಳಿರುತ್ತವೆ. ಚಿಕ್ಕದರ ಅಂಚು 1 ಸೆಂಟಿಮೀಟರ್, ದೊಡ್ಡದರದು 10 ಸೆಂಟಿಮೀಟರ್. ಎತ್ತರ ಹತ್ತು ಪಟ್ಟಾದರೂ ದೊಡ್ಡ ಘನದೊಳಗೆ ಚಿಕ್ಕ ಘನಗಳು ಒಂದು ಸಾವಿರ ಹಿಡಿಸುತ್ತವೆ. ಮೂರು ವರ್ಷದ ಮಗುವಿಗೆ ಈ ಲೆಕ್ಕ ಯಾರೂ ಹೇಳುವುದಿಲ್ಲ. ಆದರೆ ಒಂದೊಂದನ್ನೇ ಎತ್ತುವಾಗ ಭಾರ ಎಷ್ಟು ಬೇಗ ಏರುತ್ತದೆ ಎಂಬುದು ಅದರ ಕೈಗೆ ಗೊತ್ತಾಗುತ್ತದೆ.

ಇನ್ನೊಂದು, ಸಂಖ್ಯೆಯ ಕೋಲುಗಳು. 10 ಸೆಂಟಿಮೀಟರಿನಿಂದ 1 ಮೀಟರ್‌ವರೆಗೆ ಹತ್ತು ಕೋಲು. ಪ್ರತಿ 10 ಸೆಂಟಿಮೀಟರಿಗೆ ಕೆಂಪು, ನೀಲಿ ಬಣ್ಣ ಬದಲಾಗುತ್ತದೆ. ಒಂಬತ್ತರ ಕೋಲಿನ ತುದಿಗೆ ಒಂದರ ಕೋಲು ಇಟ್ಟರೆ ಹತ್ತರ ಉದ್ದ. ಹಾಗೆಯೇ ಎಂಟಕ್ಕೆ ಎರಡು, ಏಳಕ್ಕೆ ಮೂರು, ಆರಕ್ಕೆ ನಾಲ್ಕು. ಕೊನೆಗೆ ಐದರ ಕೋಲು ಒಂಟಿಯಾಗಿ ಉಳಿಯುತ್ತದೆ. ಅದನ್ನು ಎರಡು ಸಲ ಇಟ್ಟರೆ ಹತ್ತು.

ಇದರಲ್ಲಿ ಏನು ವಿಶೇಷ? ಸ್ಕೇಲ್ ಕೊಟ್ಟರೆ ಚಿಕ್ಕ ಮಕ್ಕಳು ಸಾಮಾನ್ಯವಾಗಿ ಎರಡು ತಪ್ಪು ಮಾಡುತ್ತಾರೆ. ಒಂದು, ಸೊನ್ನೆಯ ಬದಲು 1ರಿಂದ ಅಳೆಯುತ್ತಾರೆ. ಇನ್ನೊಂದು, ಗೆರೆಗಳ ನಡುವಿನ ಜಾಗ ಬಿಟ್ಟು ಗೆರೆಗಳನ್ನೇ ಎಣಿಸುತ್ತಾರೆ. ಕೋಲಿನಲ್ಲಿ ಎಣಿಸಲು ಗೆರೆಯೇ ಇಲ್ಲ, ಬಣ್ಣದ ತುಂಡುಗಳಿವೆ. ಅಳೆಯುವುದೆಂದರೆ ಒಂದೇ ಗಾತ್ರದ ತುಂಡನ್ನು ಮತ್ತೆ ಮತ್ತೆ ಇಡುವುದು ಎಂಬ ಮೂಲ ವಿಷಯ ಅಲ್ಲೇ ಕಣ್ಣಿಗೆ ಕಾಣುತ್ತದೆ.

ತಮ್ಮ ಮಗುವಿನಿಂದಲೇ ದೂರ

ಲೋಕದ ಮಕ್ಕಳಿಗೆ ದಾರಿ ತೋರಿದ ಮರಿಯಾ ತಮ್ಮ ಮಗನನ್ನು ಹತ್ತಿರ ಇಟ್ಟುಕೊಳ್ಳಲಾಗಲಿಲ್ಲ. 1898ರಲ್ಲಿ ಮದುವೆಯಾಗದೆ ಹುಟ್ಟಿದ ಮಗ ಮಾರಿಯೊನನ್ನು ಹಳ್ಳಿಯ ಕುಟುಂಬವೊಂದರಲ್ಲಿ ಬೆಳೆಯಲು ಬಿಟ್ಟರು. ವಿಷಯ ಹೊರಬಿದ್ದರೆ ಅವರ ವೃತ್ತಿಯೇ ಮುಗಿಯುವ ಕಾಲ ಅದು. ಮಗ ಅವರ ಜೊತೆ ಬಂದು ನೆಲೆಸಿದ್ದು ಹದಿನೈದರ ವಯಸ್ಸಿಗೆ. ಆಮೇಲೂ ಬಹಳ ವರ್ಷ ಹೊರಗಿನವರಿಗೆ ಸೋದರ ಸಂಬಂಧಿ ಎಂದೇ ಪರಿಚಯ.

ಭಾರತದಲ್ಲಿ ಜೈಲಿನಲ್ಲಿದ್ದರೇ?

ಇದು ಅರ್ಧ ನಿಜ. ಇಟಲಿಯ ಸರ್ವಾಧಿಕಾರಿ ಮುಸೊಲಿನಿ ಮೊದಲು ಅವರ ಶಾಲೆಗಳನ್ನು ಬೆಂಬಲಿಸಿದ್ದ. ಆದರೆ 1934ರ ಹೊತ್ತಿಗೆ ಸಂಬಂಧ ಮುರಿದು, ಅಲ್ಲಿ ಅವರ ಶಾಲೆಗಳು ಮುಚ್ಚಿದವು. 1939ರಲ್ಲಿ ಥಿಯೊಸಾಫಿಕಲ್ ಸೊಸೈಟಿಯ ಕರೆಯ ಮೇಲೆ ಮರಿಯಾ ಮಗನೊಂದಿಗೆ ಮದರಾಸಿನ ಅಡ್ಯಾರಿಗೆ ಬಂದರು. ಮೊದಲ ತರಬೇತಿಗೇ ಸುಮಾರು 300 ಜನ ಸೇರಿದರು.

1940ರ ಜೂನ್‌ನಲ್ಲಿ ಇಟಲಿ ಯುದ್ಧಕ್ಕಿಳಿಯಿತು. ಬ್ರಿಟಿಷ್ ಸರ್ಕಾರಕ್ಕೆ ಇಟಲಿಯವರೆಲ್ಲ ಶತ್ರು ದೇಶದವರಾದರು. ಮಾರಿಯೊನನ್ನು ಬಂಧನ ಶಿಬಿರಕ್ಕೆ ಕಳಿಸಿದರು. ಮರಿಯಾ ಜೈಲಿಗೆ ಹೋಗಲಿಲ್ಲ, ಆದರೆ ಅಡ್ಯಾರ್ ಬಿಟ್ಟು ಕದಲುವಂತಿರಲಿಲ್ಲ. ಅದೇ ವರ್ಷ ಅವರ 70ನೇ ಹುಟ್ಟುಹಬ್ಬಕ್ಕೆ ಸರ್ಕಾರ ಮಗನನ್ನು ಬಿಟ್ಟುಕೊಟ್ಟಿತು. ನಂತರ ಕೆಲ ವರ್ಷ ಕೊಡೈಕೆನಾಲ್‌ನಲ್ಲಿದ್ದು ತರಬೇತಿ ಮುಂದುವರಿಸಿದರು. 1946ರಲ್ಲಿ ಯುರೋಪಿಗೆ ಮರಳಿದರೂ ಭಾರತಕ್ಕೆ ಮತ್ತೆ ಬಂದರು. ಒಟ್ಟು ಸಾವಿರಕ್ಕೂ ಹೆಚ್ಚು ಶಿಕ್ಷಕರು ಅವರ ಕೈಯಲ್ಲಿ ಇಲ್ಲಿ ತಯಾರಾದರು. 1952ರ ಮೇ 6ರಂದು ನೆದರ್ಲೆಂಡ್ಸ್‌ನಲ್ಲಿ ಅವರು ತೀರಿಕೊಂಡರು.

ವಿಧಾನ ನಿಜಕ್ಕೂ ಕೆಲಸ ಮಾಡುತ್ತದೆಯೇ?

ಅಮೆರಿಕದ ಮಿಲ್ವಾಕಿ ನಗರದಲ್ಲಿ ಲಾಟರಿ ಮೂಲಕ ಮಾಂಟೆಸ್ಸೊರಿ ಶಾಲೆಗೆ ಸೀಟು ಸಿಕ್ಕ ಮತ್ತು ಸಿಗದ ಮಕ್ಕಳನ್ನು ಹೋಲಿಸಿದ ಅಧ್ಯಯನ 2006ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂತು. ಐದು ವರ್ಷದವರಲ್ಲಿ ಸೀಟು ಸಿಕ್ಕವರು ಓದು, ಲೆಕ್ಕ ಎರಡರಲ್ಲೂ ಮುಂದಿದ್ದರು. ಹನ್ನೆರಡು ವರ್ಷದವರಲ್ಲಿ ಲೆಕ್ಕದ ಮಟ್ಟಿಗೆ ಅಂಥ ಅಂತರ ಕಾಣಲಿಲ್ಲ. ಅಂದರೆ ಲಾಭ ಇದೆ, ಮಂತ್ರವಿಲ್ಲ.

ಇನ್ನು ಬೋರ್ಡಿನ ಮಾತು. ಮಾಂಟೆಸ್ಸೊರಿ ಎಂಬ ಪದ ಒಬ್ಬರ ಸ್ವತ್ತಲ್ಲ ಎಂದು ಅಮೆರಿಕದಲ್ಲಿ 1967ರಲ್ಲೇ ತೀರ್ಮಾನವಾಗಿದೆ. ನಮ್ಮಲ್ಲೂ ಬೋರ್ಡ್ ಇದ್ದ ಮಾತ್ರಕ್ಕೆ ಒಳಗೆ ಆ ವಿಧಾನ ಇದೆ ಎಂದುಕೊಳ್ಳಬೇಡಿ. ಶಿಕ್ಷಕರಿಗೆ ತರಬೇತಿ ಆಗಿದೆಯೇ, ಸಾಮಾನು ಮಕ್ಕಳ ಕೈಗೆ ಎಟಕುವಂತಿದೆಯೇ ಅಥವಾ ಗಾಜಿನ ಬೀರುವಿನಲ್ಲಿದೆಯೇ ಎಂದು ಒಮ್ಮೆ ಒಳಗೆ ಹೋಗಿ ನೋಡಿ.

ಮನೆಯಲ್ಲೇ ಏನು ಮಾಡಬಹುದು?

ಸಾವಿರಾರು ರೂಪಾಯಿಯ ಕಿಟ್ ಬೇಕಿಲ್ಲ.

• ಒಂದೇ ಮೇಜನ್ನು ನೀವೂ ಮಗುವೂ ಗೇಣಿನಲ್ಲಿ ಅಳೆಯಿರಿ. ನಿಮಗೆ ಆರು, ಮಗುವಿಗೆ ಹತ್ತು ಬಂದರೆ ಏಕೆ ಎಂದು ಮಗುವನ್ನೇ ಕೇಳಿ. ಎಲ್ಲರಿಗೂ ಒಂದೇ ಅಳತೆ ಏಕೆ ಬೇಕು ಎಂಬುದು ಅಲ್ಲೇ ತಿಳಿಯುತ್ತದೆ.
• ಅಕ್ಕಿ ಡಬ್ಬಕ್ಕೆ ಎಷ್ಟು ಲೋಟ ಹಿಡಿಸುತ್ತದೆ ಎಂದು ಮೊದಲು ಊಹಿಸಲು ಹೇಳಿ, ಆಮೇಲೆ ತುಂಬಿಸಿ ಎಣಿಸಿ.
• ಮನೆಯವರಿಗೆ ಇಡ್ಲಿ, ದೋಸೆ, ಉಪ್ಪಿಟ್ಟಿನಲ್ಲಿ ಯಾವುದು ಇಷ್ಟ ಎಂದು ಮಗು ಕೇಳಿಕೊಂಡು ಬರಲಿ. ಒಬ್ಬರಿಗೊಂದು ಹುಣಸೆ ಬೀಜದಂತೆ ಸಾಲಾಗಿ ಜೋಡಿಸಲಿ. ಅದೇ ಮಗುವಿನ ಮೊದಲ ಗ್ರಾಫ್.
• ಬಾಗಿಲ ಪಕ್ಕ ಮಗುವಿನ ಎತ್ತರಕ್ಕೆ ಗೆರೆ ಎಳೆದು ತಾರೀಕು ಬರೆಯಿರಿ. ಮುಂದಿನ ಸಲ ಗೆರೆಯನ್ನು ಮಗುವೇ ಓದಲಿ. ಅಕ್ಕಪಕ್ಕದ ಮನೆಯ ಮಗುವಿನ ಗೆರೆಯ ಜೊತೆ ಮಾತ್ರ ಹೋಲಿಸಬೇಡಿ.

ಒಟ್ಟಿನಲ್ಲಿ

ಇಟಲಿಯ ಮೊದಲ ವೈದ್ಯೆ: ತಪ್ಪು. ಭಾರತದಲ್ಲಿ ಜೈಲು: ಅರ್ಧ ನಿಜ, ನಿರ್ಬಂಧ ಇತ್ತು, ಜೈಲು ಇರಲಿಲ್ಲ. ಬೋರ್ಡ್ ಇದ್ದರೆ ಮಾಂಟೆಸ್ಸೊರಿ ವಿಧಾನ: ಹೇಳಲಾಗದು, ನೋಡಿ ತಿಳಿಯಬೇಕು. ಮಗುವಿಗೆ ಅಳತೆ ಕೈಯಿಂದಲೇ ಕಲಿಸಬಹುದು: ಪೂರ್ತಿ ನಿಜ, ಇವತ್ತು ಸಂಜೆಯೇ ಶುರುಮಾಡಬಹುದು.