ಬಟ್ಟಲ ಕೆಳಗಿನ ನಿಂಬೆಹಣ್ಣು

ಜಾದೂಗಾರ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಜರತಾರಿ ಪೇಟ, ಮಿರಮಿರ ಮಿಂಚುವ ಶೇರ್ವಾನಿ, ಗರಗಸದಿಂದ ಎರಡು ತುಂಡಾದರೂ ನಗುತ್ತಲೇ ಇರುವ ಹುಡುಗಿ. ನಾನು ಈಗ ಹೇಳಹೊರಟಿರುವ ಮನುಷ್ಯನಿಗೆ ಇವು ಯಾವುವೂ ಬೇಕಾಗಿರಲಿಲ್ಲ. ಮೂರು ಬಟ್ಟಲು, ಮೂರು ಪುಟ್ಟ ಚೆಂಡು, ಒಂದು ಕೋಲು, ಕೊನೆಯಲ್ಲಿ ನಿಂಬೆಹಣ್ಣಿನಂಥ ಅಡಿಗೆಮನೆಯ ಸಾಮಾನು. ಬಂಡವಾಳ ಇಷ್ಟೇ! ಇಷ್ಟರಿಂದಲೇ ಆತ ಜಾದೂಗಾರರಿಗೆಲ್ಲ ಗುರುವಾದ. ಅವರು ಆತನನ್ನು ‘ಪ್ರೊಫೆಸರ್’ ಅಂತಲೇ ಕರೆಯುತ್ತಿದ್ದರು. ಹೆಸರು ಡೈ ವರ್ನನ್.

ಕಾಮರ್ಸ್ ಓದುವ ಹುಡುಗನಿಗೆ ಜಾದೂಗಾರನ ಉಸಾಬರಿ ಯಾಕೆ ಅಂತ ನಮ್ಮ ಸಂಘದ ಗೆಳೆಯರು ಕೇಳಬಹುದು. ಕಾರಣ ಇದೆ. ಖರೀದಿ ಪುಸ್ತಕದಲ್ಲಿ ನಮೂದಾಗದ ಸರಕು ವರ್ಷದ ಕೊನೆಯ ದಾಸ್ತಾನಿನಲ್ಲಿ ಕಾಣಿಸಿಕೊಂಡರೆ ಎಲ್ಲೋ ಏನೋ ನಡೆದಿದೆ ಎಂದು ನಮಗೆ ಕಲಿಸುತ್ತಾರೆ. ವರ್ನನ್ನನ ಬಟ್ಟಲು ಎತ್ತಿದರೆ ಅಂಥ ಲೆಕ್ಕಕ್ಕೆ ಸಿಗದ ಸರಕೇ ಕಾಣುತ್ತದೆ. ಅದು ಒಳಗೆ ಹೋದದ್ದು ಯಾವಾಗ? ನಾವೆಲ್ಲ ನೋಡುತ್ತಲೇ ಇದ್ದೆವಲ್ಲ! ಈ ಪ್ರಶ್ನೆಯ ಬೆನ್ನು ಹತ್ತಿ ಹೋದಾಗ ಆ ಮನುಷ್ಯನ ಬಾಳಿನ ಕಥೆಯೇ ನನಗೆ ಸಿಕ್ಕಿತು. ನಾನು ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲೇ ತೀರಿಹೋದವನ ಕಥೆ ಅದು.

ಆತ ಹುಟ್ಟಿದ್ದು 1894ರ ಜೂನ್ 11ರಂದು, ಕೆನಡಾ ದೇಶದ ಒಟ್ಟಾವಾದಲ್ಲಿ. ಮನೆಯವರಿಟ್ಟ ಹೆಸರು ಡೇವಿಡ್ ಫ್ರೆಡರಿಕ್ ವಿಂಗ್‌ಫೀಲ್ಡ್ ವರ್ನರ್. ಅಮೆರಿಕಾಕ್ಕೆ ಬಂದ ಮೇಲೆ ಜನ ವರ್ನರ್ ಎಂದರೆ ವರ್ನನ್ ಎಂದು ಕೇಳಿಸಿಕೊಂಡರು. ಡೇವಿಡ್ ಹೋಗಿ ಡೈ ಆದದ್ದು ಪತ್ರಿಕೆಯೊಂದರ ಅಚ್ಚಿನ ತಪ್ಪಿನಿಂದಂತೆ. ಎಷ್ಟು ಜನರನ್ನು ತಿದ್ದುತ್ತಾ ಕೂರುವುದು? ಹಾಗೇ ಇರಲಿ ಎಂದು ಬಿಟ್ಟುಬಿಟ್ಟ.

ಮೊದಲ ಜಾದೂ ಕಲಿತದ್ದು ಏಳನೇ ವಯಸ್ಸಿನಲ್ಲಿ, ತಂದೆಯಿಂದ. ಬಾಳಿನ ಮೊದಲ ಆರು ವರ್ಷ ಸುಮ್ಮನೆ ದಂಡವಾಯಿತು ಎಂದು ಮುಂದೆ ತಮಾಷೆ ಮಾಡುತ್ತಿದ್ದನಂತೆ. 1902ರಲ್ಲಿ ಎರ್ಡ್‌ನೇಸ್ ಎಂಬ ಗುಪ್ತನಾಮದವನೊಬ್ಬ ಇಸ್ಪೀಟಿನ ಕೈಚಳಕದ ಬಗ್ಗೆ ಒಂದು ಪುಸ್ತಕ ಬರೆದಿದ್ದ. ಹುಡುಗ ವರ್ನನ್ ಅದನ್ನು ನಮ್ಮೂರ ಕಡೆ ಮಗ್ಗಿ ಉರು ಹೊಡೆದ ಹಾಗೆ ಉರು ಹೊಡೆದ. ಕಿಂಗ್‌ಸ್ಟನ್ನಿನ ರಾಯಲ್ ಮಿಲಿಟರಿ ಕಾಲೇಜಿನಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿದರೂ ಮನಸ್ಸೆಲ್ಲಾ ಇಸ್ಪೀಟಿನ ಮೇಲೆಯೇ. ಕೊನೆಗೆ ನ್ಯೂಯಾರ್ಕ್ ಸೇರಿಕೊಂಡ.

ಆದರೆ ನ್ಯೂಯಾರ್ಕಿನಲ್ಲಿ ಹೊಟ್ಟೆ ತುಂಬಿಸಿದ್ದು ಜಾದೂ ಅಲ್ಲ, ಕತ್ತರಿ! ಎದುರಿಗೆ ಕೂತವರ ಮುಖವನ್ನು ಪಕ್ಕದಿಂದ ನೋಡುತ್ತಾ ಕಪ್ಪು ಕಾಗದದಲ್ಲಿ ಅದರ ಆಕಾರವನ್ನು ಚಕಚಕನೆ ಕತ್ತರಿಸಿ ಕೊಡುವುದು ಒಂದು ಕಸುಬು. ಕೋನಿ ಐಲೆಂಡಿನ ಜಾತ್ರೆಯಂಥ ಜನಸಂದಣಿಯಲ್ಲಿ ವರ್ನನ್ ಅದನ್ನೇ ಮಾಡಿದ. ಕೈಗೆ ನಾಲ್ಕು ಕಾಸು ಬಂದರೆ ಸಾಕು, ಮತ್ತೆ ಇಸ್ಪೀಟು ಹಿಡಿದು ಕೂರುತ್ತಿದ್ದ.

1922ರಲ್ಲಿ ಷಿಕಾಗೊ ನಗರದಲ್ಲಿ ಆತನ ಹೆಸರು ಎದ್ದಿತು. ಆಗಿನ ಕಾಲಕ್ಕೆ ಜಾದೂ ಎಂದರೆ ಹುಡಿನಿ. ಯಾವ ಜಾದೂವನ್ನಾದರೂ ಮೂರು ಸಲ ತೋರಿಸಿದರೆ ಗುಟ್ಟು ಹಿಡಿಯುತ್ತೇನೆ ಎಂಬುದು ಹುಡಿನಿಯ ಸವಾಲು. ವರ್ನನ್ ಒಂದು ಎಲೆಯನ್ನು ಆರಿಸಲು ಹೇಳಿ, ಅದನ್ನು ಕಟ್ಟಿನ ನಡುವೆ ಸೇರಿಸಿದಂತೆ ಮಾಡಿ, ಮತ್ತೆ ಮೇಲಕ್ಕೆ ಬರಿಸಿ ತೋರಿಸಿದ. ಮೂರು ಸಲ ಅಲ್ಲ, ಏಳೆಂಟು ಸಲ. ಹುಡಿನಿಗೆ ಗೊತ್ತಾಗಲಿಲ್ಲ. ಅಲ್ಲಿಂದ ಮುಂದೆ ಹುಡಿನಿಯನ್ನು ಬೆಪ್ಪು ಮಾಡಿದವನು ಎಂಬ ಬಿರುದು ಆತನಿಗೆ ಅಂಟಿಕೊಂಡಿತು.

ಇನ್ನು ಬಟ್ಟಲಿನ ವಿಷಯಕ್ಕೆ ಬರೋಣ. ಬಟ್ಟಲು-ಚೆಂಡಿನ ಆಟ ಬಹಳ ಹಳೆಯದು. ಸುಮಾರು ಎರಡು ಸಾವಿರ ವರ್ಷದ ಹಿಂದೆ ರೋಮಿನ ತತ್ವಜ್ಞಾನಿ ಸೆನೆಕಾ ಇದನ್ನು ಪ್ರಸ್ತಾಪಿಸಿ, ಮೋಸಹೋಗುವುದರಲ್ಲೇ ಅದರ ಸುಖವಿದೆ, ಗುಟ್ಟು ತಿಳಿದರೆ ರುಚಿ ಹೋಯಿತು ಎಂಬರ್ಥದಲ್ಲಿ ಬರೆದಿದ್ದಾನೆ. ನಮ್ಮ ದೇಶದ ಬೀದಿ ಗಾರುಡಿಗರಿಗೂ ಇದು ಕರಗತ. ಅವರು ನೆಲದ ಮೇಲೆ ಕೂತು, ಹಿಡಿಯುವುದಕ್ಕೆ ಗುಬಟು ಇರುವ ಬಟ್ಟಲುಗಳನ್ನು ಬೋರಲು ಹಾಕಿ, ಬಟ್ಟೆಯ ಉಂಡೆಗಳನ್ನು ಆಡಿಸುತ್ತಾರೆ. ಜೋಳಿಗೆ ಪಕ್ಕದಲ್ಲೇ ಇರುತ್ತದೆ. ಪಾಶ್ಚಾತ್ಯ ಜಾದೂಗಾರ ಮೇಜಿನ ಹಿಂದೆ ನಿಲ್ಲುವವನು. ಆತನ ಜೋಳಿಗೆ ಎಂದರೆ ಕೋಟಿನ ಜೇಬೇ.

ಆಟದ ಮುಕ್ಕಾಲು ಭಾಗ ಪುಟ್ಟ ಚೆಂಡುಗಳದು. ಇಲ್ಲಿ ಮಾಯ, ಅಲ್ಲಿ ಹಾಜರ್. ಕೊನೆಗೆ, ಎಲ್ಲಾ ಮುಗಿಯಿತು ಎಂದು ನಾವು ಉಸಿರು ಬಿಡುವ ಹೊತ್ತಿಗೆ, ಬಟ್ಟಲು ಎತ್ತಿದರೆ ಒಳಗೆ ಪೂರ್ತಿ ತುಂಬಿಕೊಂಡಿರುವ ನಿಂಬೆಹಣ್ಣೋ ಆಲೂಗಡ್ಡೆಯೋ ದೊಡ್ಡ ಚೆಂಡೋ! ಜಾದೂಗಾರರ ಭಾಷೆಯಲ್ಲಿ ಇದಕ್ಕೆ ಲೋಡ್ ಎನ್ನುತ್ತಾರೆ. ಲಾರಿಗೆ ಹೇರುವ ಲೋಡೇ, ಆದರೆ ಇಲ್ಲಿ ಹೇರುವುದು ಯಾರಿಗೂ ಕಾಣಬಾರದು.

ಈ ಕೊನೆಯ ಲೋಡಿನ ಅಳತೆಯೇ ಒಂದು ಶಾಸ್ತ್ರ. ಹಣ್ಣು ಬಟ್ಟಲಿಗೆ ಬಿಗಿಯಾದರೆ ಒಳಗೇ ಸಿಕ್ಕಿಕೊಳ್ಳುತ್ತದೆ. ಬಟ್ಟಲು ಎತ್ತಿದಾಗ ಹಣ್ಣೂ ಅದರ ಜೊತೆಗೇ ಎದ್ದುಹೋಗಿ ಜನಕ್ಕೆ ಬರೀ ಮೇಜು ಕಾಣುತ್ತದೆ. ಸಡಿಲವಾದರೆ ಒಳಗೆ ಉರುಳಿ ಲೊಟಲೊಟ ಸದ್ದು ಮಾಡಿ ಗುಟ್ಟು ರಟ್ಟು ಮಾಡುತ್ತದೆ. ಎತ್ತರ ಒಂದು ಕೂದಲೆಳೆ ಹೆಚ್ಚಾದರೂ ಬಟ್ಟಲಿನ ಅಂಚು ಮೇಜಿಗೆ ಕೂರುವುದಿಲ್ಲ. ಲೋಹದ ಬಟ್ಟಲಿಗೆ ಗಟ್ಟಿ ಚೆಂಡು ತಗುಲಿದರೆ ಗಂಟೆ ಬಾರಿಸಿದಂತೆ. ಆದ್ದರಿಂದಲೇ ಮೆತ್ತನೆಯ ಹಣ್ಣು, ಇಲ್ಲವೇ ನೂಲಿನ ಕವಚ ಹೆಣೆದ ಚೆಂಡು. ಬಟ್ಟಲನ್ನು ನೋಡಿ ಚೆಂಡು ಆರಿಸಬೇಕು. ವರ್ನನ್ನನ ಗೆಳೆಯ ಪಾಲ್ ಫಾಕ್ಸ್ ಎಂಬಾತ ಈ ಆಟಕ್ಕೆಂದೇ ರೂಪಿಸಿದ ಬಟ್ಟಲುಗಳಿಗೆ ಜಾದೂಗಾರರಲ್ಲಿ ಇಂದಿಗೂ ಬಹಳ ಗೌರವ.

ನಾನೂ ಪರೀಕ್ಷೆ ಮಾಡಿ ನೋಡಿದೆ. ಸ್ಟೀಲ್ ಲೋಟ ಹಿಡಿದು ದಾದರಿನ ತರಕಾರಿ ಮಾರುಕಟ್ಟೆಗೆ ಹೋಗಿ ಒಂದೊಂದೇ ಹಣ್ಣನ್ನು ಲೋಟದೊಳಕ್ಕೆ ಇಳಿಸಿ ನೋಡುತ್ತಿದ್ದರೆ, ಇವನು ಶರಬತ್ತು ಬೇಡಲು ಬಂದವನು ಅಂತ ತಿಳಿದು ಭಾಜಿವಾಲಿ ಬಾಯಿ ದುರುಗುಟ್ಟಿ ನೋಡಿದಳು. ನಮ್ಮ ನಿಂಬೆ ಲೋಟದಲ್ಲಿ ಗೋಲಿಯಂತೆ ಉರುಳಾಡಿತು. ಮೋಸಂಬಿ ಬಾಯಲ್ಲೇ ನಿಂತಿತು. ಕೊನೆಗೆ ಸರಿಹೋದದ್ದು ನಾಸಿಕದ ಕೆಂಪು ಈರುಳ್ಳಿ. ಅದೂ ಅರ್ಧ ಬುಟ್ಟಿ ತಡಕಿದ ಮೇಲೆ, ಒಂದೇ ಒಂದು.

ಅಳತೆ ಸರಿಯಾದರೆ ಆಯಿತೇ? ಅದನ್ನು ಒಳಗೆ ಸೇರಿಸುವುದು ಹೇಗೆ? ವರ್ನನ್ನನ ಹೆಚ್ಚುಗಾರಿಕೆ ಇರುವುದು ಇಲ್ಲಿ. ಆತನ ಆಟದ ವಿವರ 1957ರಲ್ಲಿ ಲೂಯಿಸ್ ಗ್ಯಾನ್ಸನ್ ಬರೆದ ಪುಸ್ತಕದಲ್ಲಿ ಅಚ್ಚಾಯಿತು. ಬೇಡುವವರಿಗೆಲ್ಲ ತಿಳಿಯಲಿ ಎಂದು ಗುಟ್ಟನ್ನೇ ಕೊಟ್ಟುಬಿಟ್ಟ. ಮರ್ಮ ಇಷ್ಟು: ಪುಟ್ಟ ಚೆಂಡನ್ನು ಜೇಬಿಗೆ ಹಾಕುತ್ತಾನೆ, ಅದು ಮತ್ತೆ ಬಟ್ಟಲ ಕೆಳಗೇ ಸಿಗುತ್ತದೆ. ಮತ್ತೆ ಜೇಬಿಗೆ, ಮತ್ತೆ ಬಟ್ಟಲಿಗೆ. ಕೈ ಜೇಬಿಗೆ ಹೋಗಿಬರುವುದು ನೋಡುವವರಿಗೆ ರೂಢಿಯಾಗಿಬಿಡುತ್ತದೆ. ಯಾಕೆ ಹೋಯಿತು ಅಂತ ಯಾರೂ ಕೇಳುವುದಿಲ್ಲ, ಚೆಂಡು ಇಡಲು ಹೋಯಿತಲ್ಲ! ಒಂದು ಸಲ ಮಾತ್ರ ಕೈ ಬರಿದಾಗಿ ಬರುವುದಿಲ್ಲ. ಅದೇ ಗಳಿಗೆಯಲ್ಲಿ ಇನ್ನೊಂದು ಕೈ ಬಟ್ಟಲೆತ್ತಿ ಪುಟ್ಟ ಚೆಂಡನ್ನು ತೋರಿಸುತ್ತದೆ. ನಮ್ಮೆಲ್ಲರ ಕಣ್ಣೂ ಆ ಚೆಂಡಿನ ಮೇಲೆ. ಎತ್ತಿದ ಬಟ್ಟಲು ತಾನಾಗಿ ಹಣ್ಣಿರುವ ಕೈಯ ಬಳಿ ಬರುತ್ತದೆ, ತಿರುಗಿ ಮೇಜಿಗೆ ಇಳಿಯುತ್ತದೆ. ಲೋಡ್ ಆಯಿತು. ನಾವು ನಗುತ್ತಾ ಇರುತ್ತೇವೆ.

ಕಾಯುವುದನ್ನು ಆತ ಮ್ಯಾಕ್ಸ್ ಮಲಿನಿಯಲ್ಲಿ ಕಂಡಿದ್ದ. 1942ರಲ್ಲಿ ತೀರಿಕೊಂಡ ಈ ಅಲೆಮಾರಿ ಜಾದೂಗಾರ ಊಟದ ಮೇಜಿನ ಮೇಲೆ ಟೋಪಿ ಎತ್ತಿ ಮಂಜುಗಡ್ಡೆಯ ತುಂಡು ತೋರಿಸುತ್ತಿದ್ದವನು. ಜನರ ಗಮನ ಬೇರೆಡೆ ಹೋಗುವ ತನಕ ಮಲಿನಿ ಎಷ್ಟು ಹೊತ್ತು ಬೇಕಾದರೂ ಸುಮ್ಮನೆ ಕಾಯುತ್ತಿದ್ದನೆಂದು ವರ್ನನ್ ಮೆಚ್ಚಿಕೊಂಡು ಹೇಳುತ್ತಿದ್ದ. ಆತುರದ ಕೈಯನ್ನೇ ಜನ ನೋಡುವುದು.

ಇಷ್ಟು ಜಾಣನಾದ ಮನುಷ್ಯ ಸಿರಿವಂತನಾಗಿರಬೇಕು ಅಂದುಕೊಂಡಿರಾ? ಇಲ್ಲ. 1924ರಲ್ಲಿ ಜೀನ್ ಎಂಬವಳನ್ನು ಮದುವೆಯಾದ. ಎರಡು ಗಂಡುಮಕ್ಕಳು. ಆದರೆ ಇಂಥಲ್ಲಿ ಒಬ್ಬ ಜೂಜುಗಾರ ಹೊಸ ಕೈಚಳಕ ಬಲ್ಲವನಿದ್ದಾನೆ ಎಂದು ಕಿವಿಗೆ ಬಿದ್ದರೆ ಸಾಕು, ಆತ ಹೊರಟ. 1932ರಲ್ಲಿ ಕಾನ್ಸಾಸ್ ರಾಜ್ಯದ ಒಂದು ಜೈಲಿನಲ್ಲಿ ಕೈದಿಯೊಬ್ಬ, ಇಸ್ಪೀಟಿನ ಕಟ್ಟಿನ ನಡುವಿನಿಂದ ಎಲೆ ಹಂಚುವವನೊಬ್ಬನಿದ್ದಾನೆ ಎಂದು ಹೇಳಿದ್ದೇ ತಡ, ಹುಡುಕುತ್ತಾ ಹೋಗಿ ಮಿಸ್ಸೌರಿಯ ಪ್ಲೆಸೆಂಟ್ ಹಿಲ್ ಎಂಬ ಸಣ್ಣ ಊರಿನಲ್ಲಿ ಅಲೆನ್ ಕೆನಡಿ ಎಂಬಾತನನ್ನು ಪತ್ತೆ ಹಚ್ಚಿದ. ಹೀಗೆ ಆತ ಅಲೆಯುವಾಗ ಮನೆಯ ಹೊರೆ ಹೆಚ್ಚಾಗಿ ಜೀನ್ ಪಾಲಿಗೆ ಬಂತು. ಜಾದೂ ಚರಿತ್ರೆ ಬರೆಯುವವರು ಅಲೆನ್ ಕೆನಡಿಯನ್ನು ನೆನೆದಷ್ಟು ಅವಳನ್ನೂ ನೆನೆಯಬೇಕೆಂದು ನನ್ನ ಮನಸ್ಸಿಗೆ ಅನ್ನಿಸುತ್ತದೆ. ಆ ನಿಂಬೆಹಣ್ಣಿನ ಬೆಲೆಯಲ್ಲಿ ಅವಳು ತೆತ್ತ ಪಾಲೂ ಇದೆ.

1941ರ ಸುಮಾರಿಗೆ ಜೀವನೋಪಾಯಕ್ಕೆಂದು ನ್ಯೂಯಾರ್ಕಿನ ಈಸ್ಟ್ ನದಿಯ ದಂಡೆಯ ಕಾಮಗಾರಿಯಲ್ಲಿ ಕೆಲಸಕ್ಕೆ ಸೇರಿದ. ಎತ್ತರದಿಂದ ಬಿದ್ದು ಎರಡೂ ತೋಳು ಮುರಿದವು. ಯೋಚಿಸಿ ನೋಡಿ, ಬರಹಗಾರನಿಗೆ ಕಣ್ಣು ಹೋದ ಹಾಗೆ! ನಲವತ್ತೇಳರ ಆಸುಪಾಸಿನ ವಯಸ್ಸು. ಬೇರೆಯವರಾಗಿದ್ದರೆ ಅಲ್ಲಿಗೆ ಕಟ್ಟು ಬಿಸಾಡುತ್ತಿದ್ದರು. ಆತ ಕೈ ಕೂಡಿದ ಮೇಲೆ ಮತ್ತೆ ಇಸ್ಪೀಟು ಹಿಡಿದ. ನಾವು ಇಂದು ಕೊಂಡಾಡುವ ಬಟ್ಟಲಿನ ಆಟ ಪುಸ್ತಕವಾದದ್ದು ಆ ಮುರಿದು ಕೂಡಿದ ಕೈಗಳ ಕಾಲದಲ್ಲಿ.

1963ರಲ್ಲಿ ಹಾಲಿವುಡ್ಡಿನ ಹಳೆಯ ಬಂಗಲೆಯೊಂದರಲ್ಲಿ ಮ್ಯಾಜಿಕ್ ಕ್ಯಾಸಲ್ ಎಂಬ ಜಾದೂಗಾರರ ಕ್ಲಬ್ಬು ಶುರುವಾಯಿತು. ವರ್ನನ್ ಅಲ್ಲಿಗೇ ಬಂದು ನೆಲೆಸಿದ. ದೇಶದೇಶದ ಹುಡುಗರು ಬಂದು ಮುಂದೆ ಕೂತು ಕೈ ತೋರಿಸಿ ತಿದ್ದಿಸಿಕೊಂಡು ಹೋದರು. ಅದಕ್ಕೂ ಮೊದಲೇ, 1959ರಲ್ಲಿ, ಪರ್ಸಿ ಡಯಾಕೊನಿಸ್ ಎಂಬ ಹದಿನಾಲ್ಕರ ಹುಡುಗ ಮನೆ ಬಿಟ್ಟು ಆತನ ಜೊತೆ ತಿರುಗಾಟಕ್ಕೆ ಹೊರಟಿದ್ದ. ಮುಂದೆ ಆ ಹುಡುಗ ಸ್ಟ್ಯಾಟಿಸ್ಟಿಕ್ಸ್ ಪ್ರೊಫೆಸರಾದ! ಇಸ್ಪೀಟಿನ ಕಟ್ಟನ್ನು ಎರಡು ಭಾಗ ಮಾಡಿ ಒಂದರೊಳಗೊಂದು ಸೇರಿಸಿ ಕಲೆಸುವುದಾದರೆ ಏಳು ಸಲ ಕಲೆಸಿದರೆ ಸಾಕು ಎಂದು ಗಣಿತದಿಂದ ತೋರಿಸಿದ ಜೋಡಿಯಲ್ಲಿ ಒಬ್ಬ ಆತನೇ. ಆ ಪ್ರಬಂಧ ಅಚ್ಚಾದದ್ದು 1992ರಲ್ಲಿ. ಅದೇ ವರ್ಷ ಆಗಸ್ಟ್ 21ರಂದು ವರ್ನನ್ ತೀರಿಕೊಂಡ. ತೊಂಬತ್ತೆಂಟು ವರ್ಷದ ತುಂಬು ಬಾಳು.

ಆತ ಶಿಷ್ಯರಿಗೆ ಮತ್ತೆ ಮತ್ತೆ ಹೇಳುತ್ತಿದ್ದದ್ದು ಒಂದೇ: ಸಹಜವಾಗಿರು. ಗುಟ್ಟಿಲ್ಲದಾಗ ನಿನ್ನ ಕೈ ಹೇಗೆ ಜೇಬಿಗೆ ಹೋಗುತ್ತದೋ, ಗುಟ್ಟಿದ್ದಾಗಲೂ ಹಾಗೇ ಹೋಗಲಿ. ನನ್ನ ಕೈ ನೋಡಿ ನಕಲು ಮಾಡಬೇಡ, ನಿನ್ನ ಕೈ ನಿನ್ನದೇ ಆಗಿರಲಿ. ಕನ್ನಡ ಮಾಧ್ಯಮದಲ್ಲಿ ಕಲಿತು ಈ ದೊಡ್ಡ ಊರಿನ ಕಾಲೇಜಿಗೆ ಬಂದ ನನ್ನಂಥವರಿಗೆ ಈ ಮಾತು ಸ್ವಲ್ಪ ಜೋರಾಗಿಯೇ ತಟ್ಟುತ್ತದೆ. ನಾವು ಇಂಗ್ಲಿಷ್ ಮಾತಾಡುವಾಗ ಯಾರದೋ ಭುಜ ಕುಣಿಸುತ್ತೇವೆ, ಯಾರದೋ ಧಾಟಿ ಎಳೆಯುತ್ತೇವೆ. ಎದುರಿನವರಿಗೆ ಮೊದಲು ಕಾಣುವುದು ಆ ಎರವಲು ಭುಜವೇ. ತಡವರಿಸಿದರೂ ನಮ್ಮ ಧಾಟಿಯಲ್ಲೇ ಆಡಿದರೆ, ಹೇಳಬೇಕಾದ ವಿಷಯ ಬಟ್ಟಲ ಕೆಳಗಿನ ಹಣ್ಣಿನ ಹಾಗೆ, ಯಾರಿಗೂ ಗೊತ್ತಾಗದಂತೆ ಅವರ ಮುಂದೆ ಬಂದು ಕೂತಿರುತ್ತದೆ.

ಲಾಭ-ನಷ್ಟದ ತಖ್ತೆಯಲ್ಲಿ ವರ್ನನ್ನನ ಬಾಳನ್ನು ಬರೆದರೆ ಎರಡು ಕಡೆಯೂ ಕೂಡುವುದಿಲ್ಲ ಅಂತ ನನಗೆ ಗೊತ್ತು. ತೊಂಬತ್ತು ವರ್ಷದ ದುಡಿಮೆ ಖರ್ಚಿನ ಕಡೆ, ಒಂದು ಹಣ್ಣು ಜಮೆಯ ಕಡೆ. ಆದರೂ ಇಂದಿಗೂ ಯಾವುದೋ ಊರಿನಲ್ಲಿ ಯಾರೋ ಒಬ್ಬ ಹುಡುಗ ಆ ಪುಸ್ತಕ ತೆರೆದಿಟ್ಟುಕೊಂಡು, ಕನ್ನಡಿಯ ಮುಂದೆ ನಿಂತು, ಜೇಬಿಗೆ ಕೈ ಹಾಕಿ ತೆಗೆಯುವುದನ್ನು ನೂರೊಂದನೇ ಸಲ ಅಭ್ಯಾಸ ಮಾಡುತ್ತಿರುತ್ತಾನೆ.