ಶಾಂತಿಯ ವರಸೆ

ಜಪಾನಿನ ದಕ್ಷಿಣದ ಕಡಲಿನಲ್ಲಿರುವ ಓಕಿನಾವಾ ದ್ವೀಪವು ಹಿಂದೆ ರ್ಯುಕ್ಯು ಎಂಬ ರಾಜ್ಯದ ನೆಲೆಯಾಗಿದ್ದಿತು. ಅದರ ರಾಜಧಾನಿಯಾದ ಶುರಿಯಲ್ಲಿ 1831ರಲ್ಲಿ ಇತೊಸು ಅಂಕೊ ಅವರು ಜನಿಸಿದರು. ಬರಿಗೈಯಿಂದ ಹೋರಾಡುವ ಕರಾಟೆ ವಿದ್ಯೆಯು ಆ ನಾಡಿನಲ್ಲಿ ಬೆಳೆದು ಬಂದಿತ್ತಾದರೂ, ಗುರುವು ತಾನು ಆಯ್ದ ಕೆಲವರಿಗೆ ಮಾತ್ರ ಅದನ್ನು ಗುಟ್ಟಾಗಿ ಕಲಿಸುತ್ತಿದ್ದನು. ರಾಜಸೇವೆಯಲ್ಲಿದ್ದ ಮತ್ಸುಮುರಾ ಸೋಕೊನ್ ಎಂಬ ವೀರನಲ್ಲಿ ಇತೊಸು ಈ ವಿದ್ಯೆಯನ್ನು ಕಲಿತರು. ಮುಂದೆ ಅವರು ಅರಮನೆಯಲ್ಲಿ ಬರೆವಣಿಗೆಯ ಕೆಲಸಕ್ಕೆ ನಿಂತರು.

1879ರಲ್ಲಿ ಜಪಾನ್ ಆ ರಾಜ್ಯವನ್ನು ತನ್ನೊಳಗೆ ಸೇರಿಸಿಕೊಂಡಿತು. ಅರಸೊತ್ತಿಗೆ ಅಳಿಯಿತು, ಅದರ ಆಶ್ರಯದಲ್ಲಿದ್ದವರು ದಿಕ್ಕುಗಾಣದಾದರು. ಕರಾಟೆಯು ಗುಟ್ಟಾಗಿಯೇ ಉಳಿದರೆ ಬಲ್ಲವರೊಡನೆ ಅದೂ ಮಣ್ಣುಗೂಡುವ ಸಂಭವವಿತ್ತು. ಎಲ್ಲರಿಗೂ ಕಲಿಸಹೊರಟರೆ ಅದರ ಮೊನಚು ಮಾಸುವ ಭಯವಿತ್ತು. ಇತೊಸು ಎಲ್ಲರಿಗೂ ಕಲಿಸುವ ಹಾದಿಯನ್ನೇ ಹಿಡಿದರು.

1901ರ ಸುಮಾರಿಗೆ, ಎಪ್ಪತ್ತರ ಹರೆಯದಲ್ಲಿ, ಅವರು ಕರಾಟೆಯನ್ನು ಶಾಲೆಯ ಅಂಗಸಾಧನೆಯ ಪಾಠವಾಗಿಸಿದರು. ಹಳೆಯ ವರಸೆಗಳು ದೀರ್ಘವೂ ಕಠಿಣವೂ ಆಗಿದ್ದವು. ಆದುದರಿಂದ ಬಾಲಕರಿಗೆ ತಕ್ಕಂತೆ ಐದು ಕಿರುವರಸೆಗಳನ್ನು ಅವರು ಅಳವಡಿಸಿ, ಅವುಗಳಿಗೆ ಪಿನಾನ್ ಎಂದು ಹೆಸರಿಟ್ಟರು. ಶಾಂತಿ, ಕ್ಷೇಮ ಎಂಬುದೇ ಅದರ ಅರ್ಥ. ಹೊಡೆತವನ್ನು ಕಲಿಸುವ ಪಾಠಕ್ಕೆ ಶಾಂತಿಯ ಹೆಸರು! 1908ರಲ್ಲಿ ಹತ್ತು ಅಂಶಗಳ ಪತ್ರವೊಂದನ್ನು ಬರೆದು, ಕರಾಟೆಯು ದೇಹವನ್ನು ಗಟ್ಟಿಗೊಳಿಸುವುದೆಂದೂ, ಸೈನಿಕರಿಗೂ ನೆರವಾಗುವುದೆಂದೂ, ಆದರೆ ಕಲಿತವನು ವೃಥಾ ಜಗಳಕ್ಕಿಳಿಯಬಾರದೆಂದೂ ಅವರು ತಿಳಿಸಿದರು.

1915ರಲ್ಲಿ ಇತೊಸು ತೀರಿಕೊಂಡರು. ಅವರ ಶಿಷ್ಯರೂ ಶಾಲಾ ಉಪಾಧ್ಯಾಯರೂ ಆದ ಫುನಾಕೊಶಿ ಗಿಚಿನ್ 1922ರಲ್ಲಿ ಟೋಕಿಯೊಗೆ ತೆರಳಿ ಈ ವರಸೆಗಳನ್ನು ಅಲ್ಲಿ ಕಲಿಸಿದರು. ಕಲಿಯಲು ಸುಲಭವಾಗಲೆಂದು ಮೊದಲನೆಯದನ್ನೂ ಎರಡನೆಯದನ್ನೂ ಅದಲುಬದಲು ಮಾಡಿದರು. ಪಿನಾನ್ ಎಂಬ ಬರೆಹವನ್ನು ಜಪಾನೀ ರೀತಿಯಲ್ಲಿ ಹೇಯಾನ್ ಎಂದು ಓದಿದರು. ಆಗ ಕೊರಿಯಾ ಜಪಾನಿನ ಆಳ್ವಿಕೆಯಲ್ಲಿತ್ತು. ಜಪಾನಿನಲ್ಲಿ ಕಲಿತ ಕೊರಿಯಾದ ತರುಣರು ಈ ವರಸೆಗಳನ್ನು ತಾಯ್ನಾಡಿಗೆ ಒಯ್ದರು. ಅದೇ ಬರೆಹ ಅಲ್ಲಿ ಪ್ಯೊಂಗ್‌ಆನ್ ಎನಿಸಿತು.

1945ರಲ್ಲಿ ಸ್ವಾತಂತ್ರ್ಯ ಪಡೆದ ಕೊರಿಯನ್ನರು ಪರರ ಆಳ್ವಿಕೆಯ ಗುರುತನ್ನು ಅಳಿಸಬಯಸಿದುದು ಸಹಜವೇ. 1955ರಲ್ಲಿ ಟೇಕ್ವಾಂಡೊ ಎಂಬ ಹೆಸರು ಬಳಕೆಗೆ ಬಂದಿತು. ಅಲ್ಲಿಂದ ಮುಂದೆ ಹೊಸ ವರಸೆಗಳು ರಚಿತವಾದವು. ಕಾಲಿನ ಒದೆತಗಳಿಗೆ ಹೆಚ್ಚಿನ ಸ್ಥಾನ ದೊರೆಯಿತು. ಆದರೂ ಕೊರಿಯಾದ ಮತ್ತೊಂದು ಪರಂಪರೆಯಾದ ತಾಂಗ್ ಸೂ ದೋ ಪ್ಯೊಂಗ್‌ಆನ್ ವರಸೆಗಳನ್ನು ಉಳಿಸಿಕೊಂಡಿದೆ.

ಹೀಗೆ ನಿಲುವು ಬದಲಾಯಿತು, ಕ್ರಮ ಬದಲಾಯಿತು, ಹೆಸರಿನ ಉಚ್ಚಾರವೂ ಬದಲಾಯಿತು. ಇತೊಸು ಅವರು ಕಲಿಸಿದಂತೆಯೇ ಇಂದು ಯಾರೂ ಆ ವರಸೆಯನ್ನು ಮಾಡಲಾರರು. ಆದರೆ ತಾವು ಕಲಿತುದನ್ನು ಬದಲಿಸಲು ಅವರು ಹಿಂಜರಿದಿದ್ದರೆ, ಮುಂದಿನವರಿಗೆ ಬದಲಿಸಲು ಏನೂ ಉಳಿಯುತ್ತಿರಲಿಲ್ಲ.